ದಾಸವಾಳಕ್ಕೆ ಮೇಣ, ನೀರು, ಕತ್ತರಿ

ಮೂರನೇ ಕ್ಲಾಸಿನ ಮಕ್ಕಳಿಗೆ ‘ಒಂದು ಹೂ ಬರೀರಿ’ ಎಂದು ಹೇಳಿ ನೋಡಿ. ಇಡೀ ಕ್ಲಾಸು ಒಂದೇ ಹೂ ಬರೆದಿರುತ್ತದೆ. ನಡುವೆ ಒಂದು ಸೊನ್ನೆ, ಅದರ ಸುತ್ತ ಐದಾರು ಸೊನ್ನೆ, ಕೆಳಗೆ ಸ್ಕೇಲಿಟ್ಟು ಎಳೆದಂಥ ದಂಟು, ದಂಟಿನ ಎಡಕ್ಕೊಂದು ಬಲಕ್ಕೊಂದು ಎಲೆ. ಅಂಥ ಹೂ ಬಿಡುವ ಗಿಡ ನಮ್ಮ ಸಾಗರ ಸೀಮೆಯಲ್ಲಂತೂ ಇಲ್ಲ. ಮಕ್ಕಳ ಮನೆಯಂಗಳದಲ್ಲಿ ದಾಸವಾಳ ಇದೆ, ಮಳೆಗಾಲ ಬಂದರೆ ಡೇರೆ ಇದೆ, ಬೇಲಿ ಸಾಲಿನಲ್ಲಿ ಗೌರಿ ಹೂ, ಮರದ ಕೊಂಬೆಯಲ್ಲಿ ಸೀತಾಳೆ ದಂಡೆ. ಇಷ್ಟೆಲ್ಲದರ ನಡುವೆ ಬೆಳೆದ ಮಗು ಪೆನ್ಸಿಲ್ ಕೈಗೆ ಬಂದ ಕೂಡಲೇ ಎಲ್ಲಿಯದೋ ಸೊನ್ನೆಗಳ ಹೂ ಬರೆಯುತ್ತದೆ.

ಇದು ದಡ್ಡತನವಲ್ಲ, ವಯಸ್ಸಿನ ಗುಣ. ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತ ಹಂತವಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಅವರ ‘ಕ್ರಿಯೇಟಿವ್ ಅಂಡ್ ಮೆಂಟಲ್ ಗ್ರೋತ್’ ಪುಸ್ತಕ 1947ರಲ್ಲಿ ಬಂತು. ಏಳರಿಂದ ಒಂಬತ್ತು ವರ್ಷದ ಮಗು ಮನೆಗೊಂದು, ಮರಕ್ಕೊಂದು, ಮನುಷ್ಯನಿಗೊಂದು ಸಿದ್ಧರೂಪ ಮಾಡಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಬರೆಯುತ್ತದೆ ಎಂದು ಅವರು ಗುರುತಿಸಿದರು. ಒಂಬತ್ತು ದಾಟಿದ ಮೇಲೆ ಆ ಸಿದ್ಧರೂಪ ಮಗುವಿಗೇ ಸಾಲದೆನಿಸುತ್ತದೆ. ಕಣ್ಣಿಗೆ ಕಂಡಂತೆ ಬರೆಯಬೇಕೆಂಬ ಆಸೆ ಹುಟ್ಟುತ್ತದೆ. ಕೈ ಇನ್ನೂ ಅಷ್ಟು ದೂರ ಬಂದಿರುವುದಿಲ್ಲ. ‘ಅಕ್ಕೋರೇ, ನಂಗೆ ಚಿತ್ರ ಬರೂದಿಲ್ಲ’ ಎಂಬ ಮಾತು ನನ್ನ ಕಿವಿಗೆ ಬೀಳುವುದು ಹೆಚ್ಚಾಗಿ ನಾಲ್ಕನೇ, ಐದನೇ ಕ್ಲಾಸಿನಿಂದಲೇ. ಒಂದನೇ ಕ್ಲಾಸಿನವರು ಯಾರೂ ಹಾಗೆ ಹೇಳುವುದಿಲ್ಲ. ಅವರಿಗೆ ಎಲ್ಲವೂ ಬರುತ್ತದೆ.

ನಾನು ಡ್ರಾಯಿಂಗ್ ಟೀಚರ್ ಅಲ್ಲ. ನಮ್ಮಂಥ ಹಳ್ಳಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರ ಹುದ್ದೆ ಇರುವುದೇ ಅಪರೂಪ. ಕನ್ನಡ, ಪರಿಸರ ಅಧ್ಯಯನ ಕಲಿಸುತ್ತೇನೆ. ಹಿಂದೆ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿ ಪಾಸಾಗಿದ್ದೆ ಅನ್ನುವ ಒಂದೇ ಕಾರಣಕ್ಕೆ ಶನಿವಾರದ ಬೆಳಗಿನ ಶಾಲೆಯ ಕೊನೆಯ ಪೀರಿಯಡ್‌ಗಳು ನನ್ನ ಪಾಲಿಗೆ ಬಂದವು. ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಹೇಳಿದ್ದು ಹಾಳೆಯ ಮೇಲಿದೆ. ನಮಗೆ ಸಿಕ್ಕಿರುವುದು ಶನಿವಾರ. ಆ ಶನಿವಾರಗಳಲ್ಲಿ ನಾಲ್ಕು ಮತ್ತು ಐದನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ನಾನು ಮಾಡಿಸುವ ಕೆಲಸ ಮುಖ್ಯವಾಗಿ ಒಂದೇ: ಹೂ. ಅದೂ ಬರೀ ಕ್ರೇಯಾನಿನಲ್ಲಲ್ಲ, ಬರೀ ವಾಟರ್ ಕಲರಿನಲ್ಲೂ ಅಲ್ಲ. ಮೇಣ, ನೀರು, ಕೆಮ್ಮಣ್ಣು, ಹಳೇ ಪೇಪರು, ಅಂಟು, ಪೆನ್ನು, ಎಲ್ಲ ಒಂದೇ ಹಾಳೆಯ ಮೇಲೆ.

ಕಲಾ ಪ್ರದರ್ಶನಗಳ ಚೀಟಿಯಲ್ಲಿ ‘ಮಿಶ್ರ ಮಾಧ್ಯಮ’ ಎಂದು ಬರೆದಿರುತ್ತಾರಲ್ಲ, ಅದು ಇದೇ. ಹೆಸರು ಕೇಳಿದರೆ ದೊಡ್ಡವರ ವಿದ್ಯೆ ಅನ್ನಿಸುತ್ತದೆ. ಪಿಕಾಸೊ 1912ರಲ್ಲಿ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆಯ ತುಂಡೊಂದನ್ನು ತನ್ನ ಚಿತ್ರಕ್ಕೆ ಅಂಟಿಸಿ, ಸುತ್ತಲೂ ಚೌಕಟ್ಟಿನ ಬದಲು ಹಗ್ಗ ಸುತ್ತಿದ. ಕಲೆಯ ಇತಿಹಾಸದವರು ಅಲ್ಲಿಂದ ಕಥೆ ಶುರು ಮಾಡುತ್ತಾರೆ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಈ ಕೆಲಸ ನಡೆದಿತ್ತು. ಮೈಸೂರು ಶೈಲಿಯ ಚಿತ್ರದಲ್ಲಿ ದೇವರ ಕಿರೀಟ, ಒಡವೆ, ಪ್ರಭಾವಳಿ ಉಬ್ಬಿ ಬರುವಂತೆ ಸಫೇದ ಮತ್ತು ಅಂಟು ಸೇರಿಸಿದ ಗಟ್ಟಿ ಲೇಪ ಹಚ್ಚಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ, ಉಳಿದ ಕಡೆ ಬಣ್ಣ ತುಂಬುತ್ತಾರೆ. ಅದು ಮಿಶ್ರ ಮಾಧ್ಯಮವಲ್ಲದೆ ಇನ್ನೇನು? ನಮ್ಮ ಊರ ಕಡೆಯ ದೀವರ ಹೆಂಗಸರು ಗೋಡೆಗೆ ಬರೆಯುವ ಚಿತ್ತಾರವನ್ನೇ ತೆಗೆದುಕೊಳ್ಳಿ. ಗೋಡೆಗೆ ಕೆಮ್ಮಣ್ಣು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ನನ್ನ ಕ್ಲಾಸಿನ ಕೆಲವು ಮಕ್ಕಳ ಅಜ್ಜಿಯರು ಈಗಲೂ ಇದನ್ನು ಬಲ್ಲವರು. ಹಾಗಾಗಿ ‘ಬೇರೆ ಬೇರೆ ಸಾಮಾನು ಸೇರಿಸಿ ಚಿತ್ರ ಮಾಡುವುದು’ ಎಂದಾಗ ನಮ್ಮ ಮಕ್ಕಳು ಹೊಸದೇನೋ ಕೇಳಿದಂತೆ ಕಣ್ಣರಳಿಸುವುದಿಲ್ಲ.

ಮೊದಲ ಶನಿವಾರ ಬಣ್ಣವಿಲ್ಲ. ಇಬ್ಬರಿಗೆ ಒಂದು ದಾಸವಾಳ. ದಾಸವಾಳವೇ ಯಾಕೆ ಎಂದರೆ ಎಲ್ಲರ ಮನೆಯಲ್ಲೂ ಸಿಗುತ್ತದೆ, ಅಂಗೈ ತುಂಬುವಷ್ಟು ದೊಡ್ಡದು, ಕೊಯ್ದ ಮೇಲೆ ನೀರಿಗಿಡದಿದ್ದರೂ ಸಂಜೆವರೆಗೆ ಅರಳಿಯೇ ಇರುತ್ತದೆ, ಅದರ ಒಂದೊಂದು ಭಾಗವೂ ಬಿಡಿಬಿಡಿಯಾಗಿ ಕಾಣುತ್ತದೆ. ಎಸಳು ಐದು. ಮಕ್ಕಳು ಎಣಿಸುತ್ತಾರೆ, ಜಗಳವಾಡುತ್ತಾರೆ, ಮತ್ತೆ ಎಣಿಸುತ್ತಾರೆ. ಆಮೇಲೆ ನಾನು ಕೇಳುವ ಪ್ರಶ್ನೆ: ‘ಯಾವ ಎಸಳು ಮೇಲಿದೆ, ಯಾವುದು ಅಡಿಗಿದೆ?’ ಇಲ್ಲಿ ಕ್ಲಾಸು ತಣ್ಣಗಾಗುತ್ತದೆ. ಏಕೆಂದರೆ ದಾಸವಾಳದಲ್ಲಿ ಪೂರ್ತಿ ಮೇಲಿರುವ ಎಸಳೂ ಇಲ್ಲ, ಪೂರ್ತಿ ಅಡಿಗಿರುವ ಎಸಳೂ ಇಲ್ಲ. ಹೆಂಚು ಹೊದೆಸಿದ ಹಾಗೆ ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಇನ್ನೊಂದರ ಕೆಳಗೆ. ಹೀಗೆ ಸುತ್ತು ಪೂರ್ತಿಯಾಗುತ್ತದೆ. ನಡುವಿನಿಂದ ಉದ್ದಕ್ಕೆ ಹೊರಚಾಚಿದ ಕೊಳವೆ, ಅದರ ಮೈಗೆ ಹಳದಿ ಪರಾಗದ ಪುಟ್ಟ ಗುಂಡುಗಳು, ತುದಿಯಲ್ಲಿ ಐದು ಕೆಂಪು ಚುಕ್ಕಿ. ಹಿಂಬದಿ ತಿರುಗಿಸಿದರೆ ಹಸಿರು ಬಟ್ಟಲು, ಅದರ ಹೊರಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಸಳು. ಪೂಜೆಗೆ ದಿನಾ ಕೊಯ್ದು ಕೊಡುವ ಹುಡುಗಿಯೊಬ್ಬಳು ಹೂವನ್ನು ತಿರುಗಿಸಿ ನೋಡಿ, ‘ಇದ್ರ ಬೆನ್ನು ನಾನು ನೋಡೇ ಇರ್ಲಿಲ್ಲ ಅಕ್ಕೋರೇ’ ಎಂದಳು. ಅಂದಿನ ಪಾಠ ಅಲ್ಲಿಗೆ ಸಾರ್ಥಕ ಎಂದುಕೊಂಡೆ.

ಆಮೇಲೆ ಪೆನ್ಸಿಲ್ ಹಿಡಿದು ಹೂವನ್ನು ಮಾತ್ರ ನೋಡುತ್ತಾ, ಹಾಳೆಯನ್ನು ನೋಡದೆ, ನಿಧಾನವಾಗಿ ಅಂಚು ಎಳೆಯಬೇಕು. ಕಣ್ಣು ಎಸಳಿನ ಅಂಚಿನ ಮೇಲೆ ಎಷ್ಟು ಸರಿಯುತ್ತದೋ ಅಷ್ಟೇ ಪೆನ್ಸಿಲ್ ಸರಿಯಬೇಕು. ಅಮೆರಿಕದ ಕಲಾ ಶಿಕ್ಷಕ ಕಿಮೊನ್ ನಿಕೊಲೈಡಿಸ್ ಇದನ್ನು ದೊಡ್ಡವರಿಗಾಗಿ ಮಾಡಿಸುತ್ತಿದ್ದರು. ಅವರ ಪಾಠಗಳ ಪುಸ್ತಕ ‘ದಿ ನ್ಯಾಚುರಲ್ ವೇ ಟು ಡ್ರಾ’ ಅವರು ತೀರಿಕೊಂಡ ಮೇಲೆ, 1941ರಲ್ಲಿ ಬಂತು. ಫಲಿತಾಂಶ ನೋಡಲು ಚೆಂದವಿರುವುದಿಲ್ಲ. ಗೆರೆ ಎಲ್ಲೋ ಶುರುವಾಗಿ ಎಲ್ಲೋ ಮುಗಿದಿರುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಆ ವಕ್ರ ಗೆರೆಯೊಳಗೆ ಎಸಳಂಚಿನ ನಿರಿಗೆ ಇರುತ್ತದೆ, ಹರಿದ ಜಾಗ ಇರುತ್ತದೆ, ಹುಳ ತಿಂದ ಗುರುತು ಇರುತ್ತದೆ. ಸೊನ್ನೆಗಳ ಹೂವಿನಲ್ಲಿ ಇವು ಯಾವುವೂ ಇರಲಿಲ್ಲ. ಮೇಲಾಗಿ ಎಲ್ಲರದ್ದೂ ಕೆಟ್ಟದಾಗಿ ಬಂದಿರುವುದರಿಂದ ‘ನಂಗೆ ಬರೂದಿಲ್ಲ’ ಎನ್ನುವವರಿಗೆ ಅಂದು ಬಾಯಿಲ್ಲ.

ಇನ್ನೊಂದು ಕಟ್ಟಳೆ ಹಾಕುತ್ತೇನೆ. ಹೂ ಹಾಳೆಯೊಳಗೆ ಹಿಡಿಸಬಾರದು; ಕಡೇ ಪಕ್ಷ ಎರಡು ಕಡೆ ಎಸಳು ಹಾಳೆಯ ಅಂಚು ದಾಟಬೇಕು. ಮಕ್ಕಳು ಹಾಳೆಯ ಮೂಲೆಯಲ್ಲಿ ಗೋಲಿಯಷ್ಟು ಹೂ ಬರೆದು ಕೈಮುಚ್ಚಿಕೊಂಡು ಕೂರುವುದಕ್ಕೆ ಇದೇ ಮದ್ದು. ಈ ಬುದ್ಧಿ ನನ್ನದಲ್ಲ, ಜಾರ್ಜಿಯಾ ಓ’ಕೀಫ್ ಅವರದ್ದು. ದೊಡ್ಡ ಚಿತ್ರಗಾರ್ತಿ ಎನಿಸುವ ಮುಂಚೆ ಅವರೂ ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದವರು. ಒಂದೇ ಹೂವನ್ನು ಇಡೀ ಕ್ಯಾನ್ವಾಸ್ ತುಂಬುವಂತೆ ಬರೆದರೆ ಅವಸರದಲ್ಲಿ ಓಡುವವರೂ ನಿಂತು ನೋಡಲೇಬೇಕಾಗುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಅವರು 1932ರಲ್ಲಿ ಬರೆದ ಬಿಳಿ ಹೂವಿನ ಚಿತ್ರವೊಂದು 2014ರಲ್ಲಿ 4.4 ಕೋಟಿ ಡಾಲರಿಗೂ ಮಿಕ್ಕಿ ಹರಾಜಾಯಿತು. ಯಾವ ಹೂ ಗೊತ್ತೆ? ನಮ್ಮ ತಿಪ್ಪೆ ಪಕ್ಕ ಬೆಳೆಯುವ ಉಮ್ಮತ್ತಿಯ ದಾಯಾದಿ. ಇದನ್ನು ಹೇಳಿದಾಗ ಹುಡುಗರ ಮುಖ ನೋಡಬೇಕು. (ಉಮ್ಮತ್ತಿ, ಕಣಗಿಲೆ, ಗೌರಿ ಹೂ ಮೂರೂ ವಿಷದ ಗಿಡಗಳು. ಗೌರಿ ಹೂವಿನ ಗೆಡ್ಡೆಯಂತೂ ಕೊಲ್ಲುವಷ್ಟು ಕೆಟ್ಟದ್ದು. ಅವನ್ನು ಬರೆಯುವ ದಿನ ಬಾಟಲಿಯಲ್ಲಿಟ್ಟು ದೂರದಿಂದ ನೋಡುವುದು, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯುವುದು. ಇದರಲ್ಲಿ ರಿಯಾಯಿತಿ ಇಲ್ಲ.)

ಈಗ ಮೇಣ. ಮೇಣ ಮತ್ತು ಎಣ್ಣೆ ನೀರನ್ನು ಒಲ್ಲವು. ಈ ಒಂದು ಗುಣದ ಮೇಲೆ ನಮ್ಮ ಅರ್ಧ ಪಾಠ ನಿಂತಿದೆ. ಎಸಳಿನ ನರಗಳನ್ನು ಕ್ರೇಯಾನಿನಿಂದ ಒತ್ತಿ ಬರೆದು, ಅದರ ಮೇಲೆ ನೀರು ನೀರಾದ ಕೆಂಪು ಬಣ್ಣ ಹಾಯಿಸಿದರೆ ಬಣ್ಣ ಮೇಣದ ಮೇಲೆ ನಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ನರ ಹಾಗೇ ಎದ್ದು ಕಾಣುತ್ತದೆ. ಬಿಳಿ ಕ್ರೇಯಾನನ್ನು ಎಲ್ಲ ಮಕ್ಕಳೂ ಕೆಲಸಕ್ಕೆ ಬಾರದ್ದೆಂದು ಡಬ್ಬಿಯ ತಳದಲ್ಲಿ ಬಿಟ್ಟಿರುತ್ತಾರೆ. ಇಲ್ಲಿ ಅದಕ್ಕೇ ಮೊದಲ ಮರ್ಯಾದೆ. ಬಿಳಿ ಹಾಳೆಯ ಮೇಲೆ ಬಿಳಿಯಲ್ಲಿ ಬರೆದದ್ದು ಕಾಣುವುದಿಲ್ಲ, ನೀರುಬಣ್ಣ ಬಿದ್ದ ಕೂಡಲೇ ಮೂಡುತ್ತದೆ. ಬಿಳಿ ಕ್ರೇಯಾನ್ ಇಲ್ಲದವರಿಗೆ ಮೋಂಬತ್ತಿಯ ಚೂರು ಸಾಕು. ಆಯಿಲ್ ಪೇಸ್ಟಲ್ ಇದ್ದರೆ ಇನ್ನೂ ಒಳ್ಳೆಯದು, ಅದರ ಬಣ್ಣ ಗಾಢ, ಬೆರಳಿನಿಂದ ತಿಕ್ಕಿ ಒಂದರೊಳಗೊಂದು ಕೂಡಿಸಬಹುದು. ಅದರ ಹುಟ್ಟೂ ಶಾಲೆಯ ಮಕ್ಕಳಿಗಾಗಿಯೇ ಆದದ್ದು. ಜಪಾನಿನ ಸಕುರಾ ಕಂಪನಿ 1925ರಲ್ಲಿ ‘ಕ್ರೇಪಾಸ್’ ಹೆಸರಿನಲ್ಲಿ ಅದನ್ನು ತಂದಿತು. ಪ್ಯಾರಿಸ್ಸಿನಲ್ಲಿ ಪಿಕಾಸೊ ಕೇಳಿದನೆಂದು ಸೆನೆಲಿಯೆ ಅಂಗಡಿಯವರು ದೊಡ್ಡ ಕಲಾವಿದರಿಗೆ ಒಪ್ಪುವ ಆಯಿಲ್ ಪೇಸ್ಟಲ್ ತಯಾರಿಸಿದ್ದು 1949ರಲ್ಲಿ. ಈ ಒಂದು ವಿಷಯದಲ್ಲಿ ಮಕ್ಕಳೇ ಹಿರಿಯರು.

ನೀರುಬಣ್ಣದಲ್ಲಿ ನಾನು ಕಲಿಸುವುದು ತೇವದ ಲೆಕ್ಕ. ಒಣ ಹಾಳೆಯ ಮೇಲೆ ಬಣ್ಣ ಇಟ್ಟಲ್ಲೇ ನಿಲ್ಲುತ್ತದೆ. ಒದ್ದೆ ಹಾಳೆಯ ಮೇಲೆ ಹರಡುತ್ತದೆ. ಎಸಳಿನ ಬುಡಕ್ಕೆ ಗಾಢ ಕೆಂಪಿಟ್ಟು, ಹೊರ ಅಂಚಿಗೆ ಬರೀ ನೀರು ಹಚ್ಚಿ, ಎರಡನ್ನೂ ಕೂಡಿಸಿದರೆ ಕೆಂಪು ತಾನೇ ತೆಳುವಾಗುತ್ತಾ ಹೋಗುತ್ತದೆ. ಶೇಡಿಂಗ್ ಎಂದು ಬೇರೆ ಪಾಠವೇ ಬೇಡ. ಇನ್ನು ಉಪ್ಪು. ಬಣ್ಣ ಒಣಗುವ ಮುಂಚೆ, ಆದರೆ ನೀರು ನಿಂತಿರದಂತೆ, ಹಾಳೆ ಬರೀ ಮಿರುಗುತ್ತಿರುವಾಗ ನಾಲ್ಕು ಹರಳು ಕಲ್ಲುಪ್ಪು ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ನೀರನ್ನು ಎಳೆದುಕೊಂಡು ಅಲ್ಲಲ್ಲಿ ನಕ್ಷತ್ರದಂಥ ಗುರುತು ಬಿಡುತ್ತದೆ. ಹಿನ್ನೆಲೆಗೆ ಇದು ಬಹಳ ಚೆನ್ನ. ಒಂದು ನಿಮಿಷ ಮುಂಚೆ ಹಾಕಿದರೆ ಕರಗಿ ಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಸುಮ್ಮನೆ ಕಾಯುವುದನ್ನು ಹತ್ತು ವರ್ಷದ ಹುಡುಗರಿಗೆ ಬೇರೆ ಯಾವ ಪಾಠದಲ್ಲೂ ನಾನು ಕಲಿಸಲಾರೆ. ಆಷಾಢದಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. ನಮ್ಮ ಕಡೆ ಆಗ ಡಬ್ಬಿಯೊಳಗಿನ ಉಪ್ಪೇ ನೀರಾಗಿರುತ್ತದೆ. ಹಾಳೆಗಳೂ ಒಣಗುವುದಿಲ್ಲ. ಬಿಸಿಯೂಟದ ಅಡುಗೆಮನೆಯ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕುತ್ತೇವೆ. ಸಾರಿನ ವಾಸನೆಯ ಹೂಗಳು ನಮ್ಮವು.

ಬಣ್ಣದ ಡಬ್ಬಿ ಎಲ್ಲರಲ್ಲೂ ಇರುವುದಿಲ್ಲವಲ್ಲ, ಆಗ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಹೂವೇ ಬಣ್ಣ ಕೊಡುತ್ತದೆ. ದಾಸವಾಳದ ಎಸಳನ್ನು ಹಾಳೆಗೆ ತಿಕ್ಕಿದರೆ ಕೆಂಪು ಬರುತ್ತದೆಂದು ಮಕ್ಕಳು ನಂಬಿರುತ್ತಾರೆ, ಬರುವುದು ನೇರಳೆ. ಅದರ ಮೇಲೆ ನಿಂಬೆರಸ ತಾಗಿಸಿದರೆ ಗುಲಾಬಿ, ಸುಣ್ಣದ ತಿಳಿ ತಾಗಿಸಿದರೆ ಹಸಿರು. ಶಂಖಪುಷ್ಪದ ನೀಲಿಗೆ ನಿಂಬೆ ಬಿದ್ದರೆ ನೇರಳೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಆರತಿ ತಟ್ಟೆ ಕಂಡ ಎಲ್ಲ ಮಕ್ಕಳಿಗೂ ಗೊತ್ತು. ಹುಳಿಗೆ ಒಂದು ಬಣ್ಣ, ಕ್ಷಾರಕ್ಕೆ ಇನ್ನೊಂದು ಬಣ್ಣ ತೋರಿಸುವ ಈ ಗುಣವನ್ನು ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದದಲ್ಲಿ ತೋರಿಸುತ್ತಾರೆ. ನಮ್ಮವರು ಐದನೇ ಕ್ಲಾಸಿನಲ್ಲೇ ಎಸಳಿನಲ್ಲಿ ಕಂಡಿರುತ್ತಾರೆ. ಹಿನ್ನೆಲೆಗೆ ಕೆಮ್ಮಣ್ಣು. ಪಂಚೆಯ ತುಂಡಿನಲ್ಲಿ ಸೋಸಿ, ಗೋಂದಿನ ನೀರಿನಲ್ಲಿ ಕಲಸಿ ಹಚ್ಚಿದರೆ ಯಾವ ಪೋಸ್ಟರ್ ಕಲರಿಗೂ ಬಾರದ ಮೈ ಬರುತ್ತದೆ. ಗೋಂದು ಹಾಕದಿದ್ದರೆ ಒಣಗಿದ ಮೇಲೆ ಉದುರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹೂವಿನ ರಸದ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಗೋಡೆಗೆ ಅಂಟಿಸಬೇಡಿ, ಪುಸ್ತಕದೊಳಗೆ ಇಡಿ.

ಹಸಿರಿನ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಡಬ್ಬಿಯ ಹಸಿರು ಯಾವ ಎಲೆಯಲ್ಲೂ ಇಲ್ಲ, ಆದರೂ ಎಲ್ಲ ಮಕ್ಕಳ ಎಲ್ಲ ಎಲೆಗಳಿಗೂ ಅದೇ. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಹಸಿರು ಬಣ್ಣದ ಬಿಲ್ಲೆಗೆ ಪ್ರವೇಶವಿಲ್ಲ. ಹಳದಿಗೆ ನೀಲಿ ಕೂಡಿಸಿ ಮಾಡಿಕೊಳ್ಳಬೇಕು, ಗಾಢ ಬೇಕಾದರೆ ಚೂರು ಕೆಂಪು. ಆಗ ಒಬ್ಬನದು ಮಾವಿನ ಚಿಗುರಿನ ಕಡೆ ಹೋಗುತ್ತದೆ, ಇನ್ನೊಬ್ಬಳದು ಹಲಸಿನ ಎಲೆಯ ಕಡೆ. ಕಪ್ಪನ್ನೂ ದೂರ ಇಡುತ್ತೇನೆ. ಹಳದಿ ಡೇರೆಯ ನೆರಳಿಗೆಂದು ಕಪ್ಪು ಬೆರೆಸಿದರೆ ಹಳದಿ ಕೊಳಕು ಹಸಿರಾಗುತ್ತದೆ. ನೆರಳಿಗೆ ಕಿತ್ತಳೆಯೋ ತೆಳು ನೇರಳೆಯೋ ಬೇಕು. ಇದನ್ನು ಮಾತಿನಲ್ಲಿ ಹೇಳಿ ಉಪಯೋಗವಿಲ್ಲ. ಬೆರೆಸಿ, ಕೆಡಿಸಿ, ನೋಡಿಯೇ ತಿಳಿಯಬೇಕು.

ಕೆಟ್ಟ ಹಾಳೆಗಳಿಗೆ ಕ್ಲಾಸಿನ ಮೂಲೆಯಲ್ಲೊಂದು ರಟ್ಟಿನ ಪೆಟ್ಟಿಗೆ ಇದೆ. ಏನನ್ನೂ ಎಸೆಯುವ ಹಾಗಿಲ್ಲ. ಕತ್ತರಿಯ ಶನಿವಾರ ಆ ಪೆಟ್ಟಿಗೆ ತೆರೆಯುತ್ತದೆ. ಬಣ್ಣ ಚೆಲ್ಲಿ ಹಾಳಾಯಿತೆಂದು ಯಾರೋ ಅತ್ತಿದ್ದ ಹಾಳೆಯಿಂದ ಇನ್ಯಾರೋ ಒಳ್ಳೆಯ ಎಲೆ ಕತ್ತರಿಸಿಕೊಳ್ಳುತ್ತಾರೆ. ಎಲೆಯ ಅಂಚಿನ ಹಲ್ಲು, ತುದಿಯ ಚೂಪು, ಬುಡದ ದುಂಡು, ಇವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕದೆ ನೇರ ಕತ್ತರಿಯಲ್ಲೇ ಕೊಯ್ಯಬೇಕು. ಕತ್ತರಿ ಹಿಡಿದ ಕೈಗಿಂತ ಕಾಗದ ಹಿಡಿದ ಕೈ ಹೆಚ್ಚು ತಿರುಗಬೇಕು ಎನ್ನುವುದು ಅಭ್ಯಾಸದಿಂದ ಬರುತ್ತದೆ, ಆ ಅಭ್ಯಾಸ ಅಕ್ಷರದ ಅಂದಕ್ಕೂ ಒದಗುವುದನ್ನು ನಾನು ಕಾಪಿ ಪುಸ್ತಕಗಳಲ್ಲಿ ಕಂಡಿದ್ದೇನೆ.

ಕಾಗದದ ಹೂ ಎಂದರೆ ಮಕ್ಕಳಾಟ ಎಂದುಕೊಳ್ಳುವವರಿಗೆ ಮೇರಿ ಡಿಲೇನಿಯ ಕಥೆ ಹೇಳುತ್ತೇನೆ. 1700ರಲ್ಲಿ ಹುಟ್ಟಿದ ಇಂಗ್ಲೆಂಡಿನ ಈ ಹೆಂಗಸು ಎರಡನೇ ಗಂಡನನ್ನೂ ಕಳೆದುಕೊಂಡ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಹೂ ಮಾಡತೊಡಗಿದರು. ಒಂದೊಂದು ಹೂವಿಗೂ ಕಾಗದದ ಎಷ್ಟೋ ಸಣ್ಣ ಚೂರು, ಕೆಳಗೆ ಕಡುಗಪ್ಪು ಹಾಳೆ, ಬೇಕಾದಲ್ಲಿ ನೀರುಬಣ್ಣ, ಕೆಲವೆಡೆ ನಿಜವಾದ ಎಲೆಯ ತುಣುಕೇ. ಕಣ್ಣು ಮಂಜಾಗುವವರೆಗೆ ಸುಮಾರು ಹತ್ತು ವರ್ಷದಲ್ಲಿ ಮಾಡಿದ್ದು ಸಾವಿರಕ್ಕೆ ಹತ್ತಿರ. 985 ಹೂಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸಸ್ಯಶಾಸ್ತ್ರದವರು ಗುರುತು ಹಿಡಿಯುವಷ್ಟು ಕರಾರುವಾಕ್ಕು. ಫ್ರಾನ್ಸಿನ ಮತೀಸ್ ಕೂಡ ಕಾಯಿಲೆ ಬಿದ್ದು ಗಾಲಿಕುರ್ಚಿ ಹಿಡಿದ ಮೇಲೆ ಬಣ್ಣ ಬಳಿದ ಹಾಳೆ ಕತ್ತರಿಸಿಯೇ ದೊಡ್ಡ ದೊಡ್ಡ ಚಿತ್ರ ಮಾಡಿದ್ದು. ಮಕ್ಕಳಿಗೆ ಡಿಲೇನಿಯೇ ಹೆಚ್ಚು ಇಷ್ಟ, ‘ಅಜ್ಜಿ ಅಲ್ದಾ’ ಅನ್ನುತ್ತಾರೆ.

ಪೆನ್ನು ಕಡೆಗೆ ಬರಬೇಕು. ಕೇಸರದ ಎಳೆ, ಎಲೆಯ ನರ, ದಂಟಿನ ರೋಮ, ಇಂಥ ಸಣ್ಣ ಕೆಲಸಕ್ಕೆ ಬಾಲ್‌ಪೆನ್ ಸಾಕು. ಸ್ಕೆಚ್ ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ, ಹಾಗಾಗಿ ಅದು ಎಲ್ಲ ಒಣಗಿದ ಮೇಲೆ. ಪರಾಗಕ್ಕೆ ಬೆಂಕಿಕಡ್ಡಿಯ ಹಿಂತುದಿಯಿಂದ ಹಳದಿ ಪೋಸ್ಟರ್ ಕಲರ್ ಚುಕ್ಕಿ. ಅಂಟಿಗೆ ಮೈದಾ ಗಂಜಿ ಅಗ್ಗ, ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು ಜಿರಲೆಗೆ ಊಟವಾಗುತ್ತದೆ. ಫೆವಿಕಾಲಿಗೆ ತುಸು ನೀರು ಬೆರೆಸಿ ತೆಳ್ಳಗೆ ಹಚ್ಚುವುದು ವಾಸಿ.

ಇದೆಲ್ಲದರಲ್ಲಿ ನನಗೆ ಮುಖ್ಯವೆನಿಸಿದ್ದು ಚೆಂದವಲ್ಲ, ಸರದಿ. ಮೇಣ ಮೊದಲು, ನೀರು ಆಮೇಲೆ. ನೀರಿನ ಮೇಲೆ ಮೇಣ ಹಚ್ಚಿದರೆ ನರ ಬೆಳಗುವುದಿಲ್ಲ. ಒಣಗದೆ ಕಾಗದ ಅಂಟಿಸಿದರೆ ಸುರುಟಿಕೊಳ್ಳುತ್ತದೆ. ಪೆನ್ನು ಮುಂಚೆ ಬಂದರೆ ಕದಡುತ್ತದೆ. ಬರೀ ಕ್ರೇಯಾನ್ ಡಬ್ಬಿ ಕೊಟ್ಟಾಗ ಮಗು ಯೋಚಿಸಬೇಕಾದ್ದು ಯಾವ ಬಣ್ಣ ಎಂಬುದನ್ನಷ್ಟೇ. ಮೂರು ಬಗೆಯ ಸಾಮಾನು ಮುಂದಿಟ್ಟಾಗ ಯಾವುದು ಮೊದಲು, ಯಾವುದು ಎಲ್ಲಿಗೆ, ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ತಾನೇ ತೀರ್ಮಾನಿಸಬೇಕಾಗುತ್ತದೆ. ಎಸಳಿನ ಹೊಳಪಿಗೆ ಮೇಣವೋ, ಕೆಮ್ಮಣ್ಣಿನ ಒರಟೋ? ಉತ್ತರ ಹೂವಿನಲ್ಲೇ ಇದೆ, ಹಾಗಾಗಿ ಮತ್ತೆ ಹೂ ನೋಡಬೇಕು. ನೋಡುವುದು, ಆರಿಸುವುದು, ಮತ್ತೆ ನೋಡುವುದು. ಕೌಶಲ ಎನ್ನುವುದು ನನ್ನ ತಿಳಿವಳಿಕೆಯಲ್ಲಿ ಇಷ್ಟೇ. ಇನ್ನೊಂದು ಲಾಭವೂ ಇದೆ. ಇಲ್ಲಿ ಗೆರೆ ತಪ್ಪಿದರೆ ರಬ್ಬರ್ ಹುಡುಕಬೇಕಿಲ್ಲ. ಮೇಲೊಂದು ಎಲೆ ಅಂಟಿಸಿದರಾಯಿತು. ರಬ್ಬರಿನಿಂದ ಹಾಳೆ ತೂತಾಗುವವರೆಗೆ ಉಜ್ಜುತ್ತಿದ್ದ ಹುಡುಗನೊಬ್ಬ ಈಗ ‘ತಪ್ಪಾಯ್ತು, ಎಲೆ ಹಾಕ್ತೆ’ ಎಂದು ನಗುತ್ತಾನೆ.

ಹೂವನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬ ಹಿರಿಯರು ನಮ್ಮಲ್ಲೇ ಇದ್ದರು. ರುಮಾಲೆ ಚೆನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದವರು. ಬೆಂಗಳೂರಿನ ರಸ್ತೆ, ಉದ್ಯಾನಗಳಲ್ಲಿ ಹೂ ಬಿಟ್ಟು ನಿಂತ ಮರಗಳನ್ನು ಅವರಷ್ಟು ಪ್ರೀತಿಯಿಂದ ಬರೆದವರಿಲ್ಲ. ಗುಲ್‌ಮೊಹರ್ ಕೆಂಪನ್ನು ಅವರು ಒಂದೇ ಕೆಂಪಿನಲ್ಲಿ ಮುಗಿಸುವುದಿಲ್ಲ. ಬೆಂಗಳೂರಿಗೆ ಹೋದವರು ರಾಜಾಜಿನಗರದ ರುಮಾಲೆ ಆರ್ಟ್ ಹೌಸಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಾಲ್ ಎಲ್ಲಿಗೂ ಓಡಿಹೋಗುವುದಿಲ್ಲ.

ಅಪ್ಪ ಅಮ್ಮಂದಿರೊಂದಿಗೆ ನನ್ನ ತಕರಾರು ಎರಡು. ಒಂದು, ಬಣ್ಣ ತುಂಬುವ ಪುಸ್ತಕ. ಅಚ್ಚಾದ ಗೆರೆಯೊಳಗೆ ಬಣ್ಣ ತುಂಬುವುದರಿಂದ ಕೈ ಪಳಗೀತು, ಕಣ್ಣು ಪಳಗುವುದಿಲ್ಲ. ನೋಡುವ ಕೆಲಸವನ್ನು ಇನ್ಯಾರೋ ಮುಗಿಸಿ ಕೊಟ್ಟಿರುತ್ತಾರೆ. ಎರಡು, ತಿದ್ದುವುದು. ಎಂದೋ ಒಂದು ಸ್ಪರ್ಧೆಗೆ ನಮ್ಮ ಮಕ್ಕಳ ಹೂಗಳನ್ನು ಕಳಿಸಿದ್ದೆ. ಬಹುಮಾನ ಬಂದದ್ದು ಯಾವುದೋ ಗುಲಾಬಿಗೆ. ಆ ಗುಲಾಬಿಯ ಎಸಳು ತಿರುವಿದ ಕೈ ಹತ್ತು ವರ್ಷದ್ದಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ದೊಡ್ಡವರ ಕೈ ಬಿದ್ದ ಚಿತ್ರಕ್ಕೆ ಬಹುಮಾನ ಸಿಕ್ಕರೆ ಆ ಮಗು ಮುಂದೆ ತನ್ನ ಗೆರೆಯನ್ನು ತಾನೇ ನಂಬುವುದಿಲ್ಲ. ಸೇವಾಗ್ರಾಮದ ನಯೀ ತಾಲೀಮ್ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ, ಶಾಂತಿನಿಕೇತನದಲ್ಲಿ ಓದಿ ಬಂದ ದೇವಿ ಪ್ರಸಾದ್ ಕಲೆಯೇ ಶಿಕ್ಷಣದ ತಳಹದಿ ಎಂದು ಒಂದು ಪುಸ್ತಕವನ್ನೇ ಬರೆದರು. ಮಕ್ಕಳ ಚಿತ್ರಕ್ಕೆ ಕೈ ಹಾಕುವ ಮುಂಚೆ ಶಿಕ್ಷಕರೆಲ್ಲ ಅದನ್ನೊಮ್ಮೆ ಓದಬೇಕು. ಮಗುವಿನ ಹಾಳೆ ಮುಟ್ಟದೆ ತೋರಿಸಬೇಕೆಂದಿದ್ದರೆ ಪಕ್ಕದಲ್ಲಿ ನಿಮ್ಮದೇ ಹಾಳೆ ಇಟ್ಟುಕೊಂಡು ಬರೆಯಿರಿ. ನಿಮ್ಮದು ಕೆಟ್ಟದಾಗಿ ಬಂದರೆ ಇನ್ನೂ ಒಳ್ಳೆಯದು.

‘ಚೆನ್ನಾಗಿದೆ’ ಎನ್ನುವುದನ್ನೂ ನಾನು ಕಡಿಮೆ ಮಾಡಿದ್ದೇನೆ. ಅದರ ಬದಲು ‘ಈ ಎಸಳಿನ ಬುಡ ಯಾಕೆ ಕಪ್ಪು ಮಾಡಿದೆ?’ ಎಂದು ಕೇಳುತ್ತೇನೆ. ‘ಅಲ್ಲಿ ಕಪ್ಪೇ ಇತ್ತಲ್ಲ ಅಕ್ಕೋರೇ’ ಎಂದು ಉತ್ತರ ಬಂದರೆ ಆ ಮಗು ನೋಡಿದೆ ಎಂದು ಅರ್ಥ. ವರ್ಷದ ಕೊನೆಗೆ ಮೊದಲ ದಿನದ ಸೊನ್ನೆಗಳ ಹೂವನ್ನೂ ಕೊನೆಯ ಹೂವನ್ನೂ ಒಟ್ಟಿಗೆ ಮನೆಗೆ ಕಳಿಸುತ್ತೇನೆ. ಅಂಕ ಕೊಡುವುದಿಲ್ಲ, ಕೊಡಬೇಕಾದ ಅಗತ್ಯವೂ ಬಿದ್ದಿಲ್ಲ.

ಖರ್ಚಿನಲ್ಲಿ ನಮಗೆ ಕಷ್ಟವಾಗುವುದು ಒಂದೇ, ದಪ್ಪ ಹಾಳೆ. ನೋಟ್‌ಬುಕ್ಕಿನ ತೆಳು ಕಾಗದ ನೀರು ಮತ್ತು ಅಂಟು ಎರಡನ್ನೂ ತಡೆಯುವುದಿಲ್ಲ, ಡ್ರಾಯಿಂಗ್ ಶೀಟು ಇಡೀ ಕ್ಲಾಸಿಗೆ ತರಿಸುವುದು ದುಬಾರಿ. ಇದಕ್ಕೆ ನಾವು ಕಂಡುಕೊಂಡ ದಾರಿ ಲಗ್ನಪತ್ರಿಕೆ. ಮದುವೆ ಮುಗಿದ ಮೇಲೆ ಮನೆಮನೆಯಲ್ಲಿ ಕಟ್ಟುಕಟ್ಟಲೆ ಬಿದ್ದಿರುವ ಆ ಗಟ್ಟಿ ಕಾಗದದ ಖಾಲಿ ಬೆನ್ನು ಮಿಶ್ರ ಮಾಧ್ಯಮಕ್ಕೆ ಹೇಳಿ ಮಾಡಿಸಿದಂತಿದೆ. ಪ್ಲಾಸ್ಟಿಕ್ ಹೊಳಪಿನವು ಬೇಡ, ಅವುಗಳ ಮೇಲೆ ನೀರುಬಣ್ಣ ಹಿಡಿಯುವುದಿಲ್ಲ. ಉಳಿದವನ್ನು ಒಲೆಗೆ ಹಾಕುವ ಬದಲು ನಿಮ್ಮೂರಿನ ಪ್ರಾಥಮಿಕ ಶಾಲೆಗೆ ಕೊಟ್ಟುಬನ್ನಿ. ಹೋಗುವಾಗ ಅಂಗಳದ ಹೂ ನಾಲ್ಕು ಕೊಯ್ದುಕೊಂಡು ಹೋಗಿ.